ಹಾಳೆ ತಿರುಗಿಸಿದವರಿಗೆ

"ಗುರುಗಳೇ, ಪುಕ್ಕಟೆ ಕೊಟ್ಟ ಪುಸ್ತಕವನ್ನು ಯಾರಾದರೂ ಓದುತ್ತಾರೆಯೇ?"

ಕೇಳಿದವನು ಅಮರೇಶ. ಗುರುಗಳ ಬಳಿ ಹಳಗನ್ನಡ ಓದಲು ಬರುತ್ತಿದ್ದವರಲ್ಲಿ ಒಬ್ಬ. ಅವನು ಒಂದು ಕಾದಂಬರಿ ಬರೆದಿದ್ದ. ಪ್ರಕಾಶಕರು ಒಪ್ಪಲಿಲ್ಲ. ತಾನೇ ಅಚ್ಚು ಹಾಕಿಸಿದ. ಅವನ ಹೆಸರನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ಪುಸ್ತಕವನ್ನು ಯಾರೂ ಕೊಳ್ಳಲಿಲ್ಲ. ಪುಸ್ತಕವನ್ನು ಯಾರೂ ಕೊಳ್ಳಲಿಲ್ಲ, ಹಾಗಾಗಿ ಹೆಸರು ಯಾರ ಕಿವಿಗೂ ಬೀಳಲಿಲ್ಲ.

"ಒಬ್ಬ ಗೆಳೆಯ ಹೇಳುತ್ತಾನೆ, ಮೊದಲ ಪುಸ್ತಕವನ್ನು ಹಂಚಿಬಿಡು, ಓದುಗರು ತಾವಾಗಿ ಬರುತ್ತಾರೆ ಎಂದು. ಇನ್ನೊಬ್ಬ ಹೇಳುತ್ತಾನೆ, ಹಂಚಿದರೆ ನಿನ್ನ ಬರಹಕ್ಕೆ ಬೆಲೆಯಿಲ್ಲ ಎಂದು ನೀನೇ ಡಂಗುರ ಹೊಡೆದಂತೆ ಎಂದು. ಯಾರ ಮಾತು ಕೇಳಲಿ?"

ಗುರುಗಳು ನಕ್ಕರು. ಪಕ್ಕದಲ್ಲಿ ಜಾಗ ತೋರಿಸಿ ಕೂರಿಸಿಕೊಂಡರು.

"ಇಬ್ಬರೂ ಹೇಳಿದ ಹಾಗೆ ಮಾಡಿ ಕೆಟ್ಟವನೊಬ್ಬನಿದ್ದ. ಆಮೇಲೆ ಚೆನ್ನಾಗಿಯೂ ಆದ. ಅವನ ಕತೆ ಹೇಳುತ್ತೇನೆ, ಕೇಳು."

ಮೆಣಸಿನಕಾಯಿ ವ್ಯಾಪಾರಕ್ಕೆ ಹೆಸರಾದ ಒಂದು ಊರು. ಆ ಊರಿನಲ್ಲಿ ಒಬ್ಬನು ಚಾಳೀಸಿನ, ಅಂದರೆ ಕನ್ನಡಕದ, ಅಂಗಡಿ ಇಟ್ಟುಕೊಂಡಿದ್ದ. ದೂರದ್ದು ಕಾಣದವರಿಗೆ ದೂರದ ಚಾಳೀಸು, ಹತ್ತಿರದ್ದು ಕಾಣದವರಿಗೆ ಹತ್ತಿರದ್ದು. ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಅವನು ಕತೆ ಬರೆಯುತ್ತಿದ್ದ.

ಅವನ ಹೆಂಡತಿ ಮಧ್ಯಾಹ್ನ ಊಟದ ಡಬ್ಬಿ ತರುತ್ತಿದ್ದಳು. ಅವನು ಬರೆದದ್ದನ್ನು ಮೊದಲು ಓದುತ್ತಿದ್ದವಳು ಅವಳೇ. ಚೆನ್ನಾಗಿದೆ ಎನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಎನ್ನುತ್ತಿರಲಿಲ್ಲ. ಓದಿ ಮುಗಿಸಿ, "ಮುಂದಿನ ಹಾಳಿ ಎಲ್ಲೈತ್ರಿ?" ಎಂದು ಕೇಳುತ್ತಿದ್ದಳು. ಅವನಿಗೆ ಅಷ್ಟು ಸಾಕಾಗುತ್ತಿತ್ತು. ಮರುದಿನ ಬರೆಯಲು ಹುರುಪು ಬರುತ್ತಿತ್ತು.

ಹೀಗೆ ಬರೆದು ಬರೆದು ಒಂದು ದೊಡ್ಡ ಕಾದಂಬರಿಯ ಮೊದಲ ಭಾಗ ಮುಗಿಯಿತು. ಅದು ದುರುಗವ್ವ ಎಂಬ ಹೆಂಗಸಿನ ಕತೆ. ಗಂಡ ಸತ್ತ ಮೇಲೆ ಅವಳು ಅವನ ಹರಿಗೋಲನ್ನು ತಾನೇ ನಡೆಸುತ್ತಾಳೆ. ಹೊಳೆ ದಾಟುವವರನ್ನು ದಾಟಿಸಿ ಮಗಳನ್ನು ಸಾಕುತ್ತಾಳೆ. ಮೈದುನನಿಗೆ ಹೊಳೆ ದಾಟಿಸುವ ಆ ಕಡವಿನ ಮೇಲೆ ಕಣ್ಣು. ಅವನು ಅವಳನ್ನು ಊರು ಬಿಡಿಸಲು ನೋಡುತ್ತಾನೆ. ಕೊನೆಗೆ ಹೊಳೆ ತುಂಬಿ ಬಂದ ಒಂದು ಸಂಜೆ, ಜ್ವರ ಬಂದ ಮಗಳನ್ನು ಮಲಗಿಸಿಕೊಂಡು, ಆಚೆ ದಡದ ಆಸ್ಪತ್ರೆಗೆಂದು ದುರುಗವ್ವ ಹರಿಗೋಲನ್ನು ನೀರಿಗೆ ಇಳಿಸುತ್ತಾಳೆ. ಹರಿಗೋಲು ಹೊಳೆಯ ನಡುವಿಗೆ ಬರುತ್ತದೆ. ಅಲ್ಲಿಗೆ ಮೊದಲ ಭಾಗ ಮುಗಿಯುತ್ತದೆ.

ಅವನು ಪ್ರಕಾಶಕರ ಹತ್ತಿರ ಹೋದ. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು ಒಳ್ಳೆಯ ಮನುಷ್ಯರು, ಚಹಾ ಕೊಟ್ಟು ಹೇಳಿದರು: "ಕತೆಗೆ ಏನೂ ಕೊರತೆಯಿಲ್ಲ. ಆದರೆ ನೀವು ಯಾರೆಂದು ಯಾರಿಗೂ ಗೊತ್ತಿಲ್ಲವಲ್ಲ."

ಆಗ ತಾನೇ ಅಚ್ಚು ಹಾಕಿಸಿದ. ದೊಡ್ಡ ಊರಿನ ಪುಸ್ತಕದಂಗಡಿಗಳಿಗೆ ಹೊತ್ತುಕೊಂಡು ಹೋಗಿ ಇಟ್ಟು ಬಂದ. ಮಳೆಗಾಲ ಕಳೆದು ಹೋಗಿ ನೋಡಿದ. ಇಟ್ಟ ಪುಸ್ತಕಗಳು ಇಟ್ಟಲ್ಲೇ ಇದ್ದವು. ಅಂಗಡಿಯವರು ಧೂಳು ಒರೆಸಿ ವಾಪಸು ಕೊಟ್ಟರು.

ಅದೇ ಹೊತ್ತಿಗೆ ಅವನ ಹೆಂಡತಿಯ ತಂಗಿಯ ಮಗಳ ಮದುವೆ ಬಂತು. ಅವನಿಗೆ ಒಂದು ಯೋಚನೆ ಹೊಳೆಯಿತು. ಮದುವೆಗೆ ಬಂದವರಿಗೆಲ್ಲ ತೆಂಗಿನಕಾಯಿ ಕೊಡುವ ಚೀಲದಲ್ಲಿ ಒಂದೊಂದು ಪುಸ್ತಕ ಹಾಕಿದರೆ? ಇಷ್ಟು ಜನರಲ್ಲಿ ಅರ್ಧ ಜನ ಓದಿದರೂ ಸಾಕು. ಅರ್ಧದಲ್ಲಿ ಅರ್ಧ ಜನ ಇನ್ನೊಬ್ಬರಿಗೆ ಹೇಳಿದರೂ ಸಾಕು. ಹೆಂಡತಿ ಬೇಡ ಎನ್ನಲಿಲ್ಲ. "ನಿಮ್ಮ ಮನಸ್ಸು" ಎಂದಳು.

ಮದುವೆಯ ದಿನ ಅವನು ಛತ್ರದ ಬಾಗಿಲಲ್ಲಿ ತಾನೇ ನಿಂತು, ಜನ ಒಳಗೆ ಬರುವಾಗಲೇ ಚೀಲ ಕೊಟ್ಟ. ಪ್ರತಿಯೊಬ್ಬರಿಗೂ ಕೈಮುಗಿದು, "ಓದಿ ನೋಡಿ" ಎಂದ. ಎಲ್ಲರೂ "ಆಗಲಿ, ಆಗಲಿ" ಎಂದರು. ಒಬ್ಬ ಹಿರಿಯರು ಮಾತ್ರ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ, "ಕ್ಯಾಲೆಂಡರ್ ಮಾಡಿಸಿದ್ದರೆ ಗೋಡೆಗಾದರೂ ಹಾಕಬಹುದಿತ್ತಲ್ಲಪ್ಪ" ಎಂದರು. ಅವರು ಮನಸ್ಸು ನೋಯಿಸಲು ಹೇಳಿದ್ದಲ್ಲ. ನಿಜವಾಗಿಯೂ ಹಾಗೆಂದು ತಿಳಿದೇ ಹೇಳಿದ್ದರು.

ಜನ ಹೋದ ಮೇಲೆ ಅವನು ಛತ್ರದ ಒಳಗೆ ಬಂದ. ತೆಂಗಿನಕಾಯಿ ತೆಗೆದುಕೊಂಡು ಪುಸ್ತಕ ಬಿಟ್ಟು ಹೋದವರು ಬಹಳ ಜನ. ಕುರ್ಚಿಗಳ ಮೇಲೆ ಪುಸ್ತಕ, ಕಿಟಕಿಯಲ್ಲಿ ಪುಸ್ತಕ. ಅಡಿಗೆಯವರು ಅಲುಗಾಡುವ ಬೆಂಚಿನ ಕಾಲಿಗೆ ಎರಡು ಪುಸ್ತಕ ಒತ್ತು ಕೊಟ್ಟಿದ್ದರು. ಒಬ್ಬ ಹೆಂಗಸು ಪುಸ್ತಕದಿಂದ ಮಗುವಿಗೆ ಗಾಳಿ ಹಾಕುತ್ತಿದ್ದಳು.

ಅವನು ಒಂದೊಂದಾಗಿ ಎಲ್ಲವನ್ನೂ ಎತ್ತಿಕೊಂಡ. ಸಾರು ಬಿದ್ದದ್ದನ್ನು ಪಂಚೆಯ ತುದಿಯಿಂದ ಒರೆಸಿದ. ಮಗುವಿಗೆ ಗಾಳಿ ಹಾಕುತ್ತಿದ್ದವಳನ್ನು ಮಾತ್ರ ಕೇಳಲಿಲ್ಲ. ಸೆಕೆ ಬಹಳವಿತ್ತು.

ಬಸ್ಸಿನಲ್ಲಿ ಬರುವಾಗ ಹೆಂಡತಿ ಪುಸ್ತಕದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಅವನು ಕಿಟಕಿಯ ಆಚೆ ನೋಡುತ್ತಿದ್ದ. ಊರು ಹತ್ತಿರ ಬಂದಾಗ ಒಂದೇ ಮಾತು ಹೇಳಿದ: "ಪುಕ್ಕಟೆ ಸಿಕ್ಕಿದ್ದಕ್ಕ ಕಿಮ್ಮತ್ತಿಲ್ಲ."

ಅಂದಿನಿಂದ ಅವನು ಯಾರಿಗೂ ಪುಸ್ತಕ ಕೊಡಲಿಲ್ಲ. ಶಾಲೆಯ ಮಾಸ್ತರರೊಬ್ಬರು ಚಾಳೀಸು ಸರಿ ಮಾಡಿಸಲು ಬಂದವರು, "ನೀವು ಬರೆದ ಪುಸ್ತಕವಂತೆ, ನೋಡಬಹುದೇ?" ಎಂದು ಕೇಳಿದರು. ಅವನು ಪುಸ್ತಕ ತೋರಿಸುವ ಮೊದಲೇ ಬೆಲೆ ಹೇಳಿದ. ಮಾಸ್ತರರು ಮುಖ ಸಣ್ಣದು ಮಾಡಿಕೊಂಡು ಹೋದರು. ಮೊದಲು ಅವನು ಕೈ ಪೂರ್ತಿ ಬಿಚ್ಚಿದ್ದ. ಈಗ ಪೂರ್ತಿ ಮುಚ್ಚಿದ. ಎರಡರಿಂದಲೂ ಒಬ್ಬ ಓದುಗನೂ ಸಿಗಲಿಲ್ಲ.

ಪುಸ್ತಕದ ಕಟ್ಟುಗಳನ್ನು ಅಂಗಡಿಯ ಹಿಂದಿನ ಮೂಲೆಗೆ ತಳ್ಳಿ, ಮೇಲೊಂದು ಗೋಣಿಚೀಲ ಮುಚ್ಚಿದ. ಆ ಕಡೆ ನೋಡುವುದನ್ನೇ ಬಿಟ್ಟ. ಎರಡನೆಯ ಭಾಗ ಶುರುವಾಗಿತ್ತು, ಅದನ್ನೂ ಬಿಟ್ಟ. ಹೆಂಡತಿ ಕೆಲವು ದಿನ, "ಮುಂದಿನ ಹಾಳಿ?" ಎಂದು ಕೇಳಿದಳು. ಅವನು ಡಬ್ಬಿಯ ಮುಚ್ಚಳ ತೆಗೆಯುತ್ತ, "ಪಲ್ಯ ಏನು?" ಎಂದ. ಆಮೇಲೆ ಅವಳೂ ಕೇಳಲಿಲ್ಲ.

"ಅವನು ಬರೆಯುವುದನ್ನು ಬಿಟ್ಟದ್ದು ತಪ್ಪೇ, ಗುರುಗಳೇ?" ಎಂದು ಅಮರೇಶ ನಡುವೆ ಬಾಯಿ ಹಾಕಿದ. "ಅಷ್ಟು ಅವಮಾನವಾದ ಮೇಲೆ ಯಾರಿಗೆ ಕೈ ಏಳುತ್ತದೆ?"

"ತಪ್ಪು ಎಂದು ನಾನೆಲ್ಲಿ ಹೇಳಿದೆ? ಅವನಿಗೆ ನೋವಾಗಿತ್ತು," ಎಂದರು ಗುರುಗಳು. "ಈಗ ಹೆಂಡತಿಯ ಕತೆ ಕೇಳು."

ಮಧ್ಯಾಹ್ನ ಊಟವಾದ ಮೇಲೆ ಅವನು ಮನೆಗೆ ಹೋಗಿ ಸ್ವಲ್ಪ ಅಡ್ಡಾಗುತ್ತಿದ್ದ. ಆ ಹೊತ್ತು ಅಂಗಡಿಯಲ್ಲಿ ಹೆಂಡತಿ ಕೂರುತ್ತಿದ್ದಳು. ಓದುವ ಚಾಳೀಸು ಬೇಕೆಂದು ಬಂದವರಿಗೆ ಒಂದರ ನಂತರ ಒಂದು ಹಾಕಿಕೊಟ್ಟು, ಅಕ್ಷರ ಬರೆದ ರಟ್ಟನ್ನು ಮುಂದೆ ಹಿಡಿದು ಓದಿಸಬೇಕು. ಆ ರಟ್ಟು ಹಳೆಯದಾಗಿ ಅಕ್ಷರಗಳು ಅಳಿಸಿಹೋಗಿದ್ದವು. ಕಣ್ಣು ಚೆನ್ನಾಗಿದ್ದವರಿಗೂ ಅದು ಕಾಣುತ್ತಿರಲಿಲ್ಲ. ಒಂದು ದಿನ ಅವಳು ಗೋಣಿಚೀಲ ಸರಿಸಿ ಗಂಡನ ಪುಸ್ತಕ ಒಂದನ್ನು ತೆಗೆದಳು. ಮೊದಲ ಪುಟ ತೆರೆದು ಗಿರಾಕಿಯ ಕೈಗೆ ಕೊಟ್ಟಳು.

ಬಹಳ ಜನ ಒಂದು ಸಾಲು ಓದಿ, "ಹಾಂ, ಕಾಣತೈತ್ರಿ" ಎಂದು ಪುಸ್ತಕ ಕೆಳಗಿಟ್ಟರು. ಅವಳು ಚಾಳೀಸು ಕಟ್ಟಿಕೊಟ್ಟು ಕಳಿಸಿದಳು. ಅವರ ಮೇಲೆ ಅವಳಿಗೆ ಏನೂ ಬೇಸರವಿರಲಿಲ್ಲ. ಅವರು ಚಾಳೀಸಿಗೆ ಬಂದವರು.

ಕೆಲವರು ಹಾಗೆ ಮಾಡಲಿಲ್ಲ. ಮೊದಲ ಪುಟ ಮುಗಿಸಿದರು. ತಾವು ಎಲ್ಲಿದ್ದೇವೆ ಎಂಬುದನ್ನು ಮರೆತು ಬೆರಳು ನಾಲಿಗೆಗೆ ತಾಗಿಸಿ ಹಾಳೆ ತಿರುಗಿಸಿದರು. ಅಂಥವರಿಗೆ ಅವಳು, "ತಗೊಂಡು ಹೋಗ್ರಿ" ಎಂದಳು. "ಎಷ್ಟು ಕೊಡಬೇಕ್ರಿ?" ಎಂದು ಅವರು ಕೇಳಿದರೆ, "ಏನೂ ಬ್ಯಾಡ್ರಿ, ಓದ್ರಿ ಅಷ್ಟ" ಎಂದಳು.

ಗಂಡನಿಗೆ ಹೇಳಲಿಲ್ಲ. ಕಟ್ಟುಗಳು ನಿಧಾನವಾಗಿ ಕರಗಿದವು. ಗೋಣಿಚೀಲ ಹಾಗೆಯೇ ಮುಚ್ಚಿತ್ತು.

ಹಾಗೆ ಹಾಳೆ ತಿರುಗಿಸಿದವರಲ್ಲಿ ಫಕ್ಕೀರವ್ವ ಎಂಬವಳೊಬ್ಬಳು. ಮಾರುಕಟ್ಟೆಯ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಅವಳದು. ಸಣ್ಣವಳಿದ್ದಾಗ ಶಾಲೆಯಲ್ಲಿ ಜಾಣೆ ಅನ್ನಿಸಿಕೊಂಡಿದ್ದಳು. ಆಮೇಲೆ ಓದುವುದು ನಿಂತಿತು, ಆಮೇಲೆ ಕಣ್ಣೂ ಮಬ್ಬಾಯಿತು. ಅಂದು ಚಾಳೀಸು ಹಾಕಿಕೊಂಡು ಆ ಪುಟ ನೋಡಿದವಳು ತಲೆ ಎತ್ತಲಿಲ್ಲ. ಹಿಂದೆ ಬಂದ ಗಿರಾಕಿಗಳು ಕಾಯುತ್ತ ನಿಂತರು. ಕೊನೆಗೆ ಲೇಖಕನ ಹೆಂಡತಿಯೇ ಅವಳ ಭುಜ ಮುಟ್ಟಿ, "ತಂಗಿ, ಮನಿಗೆ ಒಯ್ದು ಓದು" ಎಂದಳು.

ಫಕ್ಕೀರವ್ವ ಅದನ್ನು ಮನೆಗೆ ಒಯ್ಯಲಿಲ್ಲ, ಅಂಗಳಕ್ಕೆ ಒಯ್ದಳು. ಬುತ್ತಿ ಉಂಡ ಮೇಲೆ ಜತೆಯ ಹೆಂಗಸರಿಗೆ ನಾಲ್ಕು ಪುಟ ಓದಿ ಹೇಳಿದಳು. ವಿಶ್ರಾಂತಿಯ ಹೊತ್ತು ಮುಗಿಯಿತು. ಅವಳು ಪುಸ್ತಕ ಮಡಿಸಿದಳು. ಹೆಂಗಸರು ಬಿಡಲಿಲ್ಲ.

"ಓದವ್ವಾ ಓದು. ಮೈದುನ ಬಂದು ಏನಂದ?"

"ಓದಿದರ ನನ್ನ ಬುಟ್ಟಿ ತುಂಬಸವ್ರು ಯಾರು?" ಎಂದಳು ಫಕ್ಕೀರವ್ವ.

ಅಲ್ಲಿ ತೂಕಕ್ಕೆ ಕೂಲಿ. ಕೈ ನಿಂತರೆ ಕೂಲಿಯೂ ನಿಲ್ಲುತ್ತದೆ. ಅವರಲ್ಲಿ ಒಬ್ಬ ಮುದುಕಿ ಇದ್ದಳು. ಅವಳು ಎದ್ದು ಬಂದು ತನ್ನ ಬುಟ್ಟಿಯಿಂದ ಒಂದು ಬೊಗಸೆ ಬಿಡಿಸಿದ ಕಾಯಿ ತೆಗೆದು ಫಕ್ಕೀರವ್ವನ ಬುಟ್ಟಿಗೆ ಹಾಕಿದಳು. ಹೋಗಿ ಕುಳಿತಳು. ಆಮೇಲೆ ಇನ್ನೊಬ್ಬಳು ಎದ್ದಳು. ಆಮೇಲೆ ಮತ್ತೊಬ್ಬಳು.

ಅಂದಿನಿಂದ ಅದು ದಿನದ ಪದ್ಧತಿಯಾಯಿತು. ಫಕ್ಕೀರವ್ವ ಓದುತ್ತಿದ್ದಳು. ಉಳಿದವರು ಮೂಗಿಗೆ ಸೆರಗು ಕಟ್ಟಿಕೊಂಡು ಕಾಯಿ ಬಿಡಿಸುತ್ತ ಕೇಳುತ್ತಿದ್ದರು. ಸಂಜೆ ತೂಕ ಹಾಕುವ ಮೊದಲು ಪ್ರತಿಯೊಬ್ಬಳೂ ಒಂದು ಬೊಗಸೆ ಅವಳ ಬುಟ್ಟಿಗೆ ಹಾಕುತ್ತಿದ್ದಳು.

ಒಂದು ದಿನ ಪುಸ್ತಕ ಮುಗಿಯಿತು. ಹರಿಗೋಲು ಹೊಳೆಯ ನಡುವೆ, ಮಗಳ ಮೈ ಕೆಂಡ, ಆಚೆ ದಡ ಕಾಣುತ್ತಿಲ್ಲ. ಫಕ್ಕೀರವ್ವ ಕೊನೆಯ ಹಾಳೆ ತಿರುಗಿಸಿದಳು. ಅಲ್ಲಿ ಏನೂ ಇರಲಿಲ್ಲ.

"ಮುಂದ?" ಎಂದರು ಹೆಂಗಸರು.

"ಇಲ್ಲ."

"ಇಲ್ಲ ಅಂದರ? ಹಾಳಿ ಹರದಾವೇನು?"

ಯಾರಿಗೂ ಅಂದು ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮಾರುಕಟ್ಟೆ ಇಲ್ಲದ ದಿನ ನೋಡಿ ಅವರೆಲ್ಲ ಕೂಡಿ ಚಾಳೀಸಿನ ಅಂಗಡಿಗೆ ಬಂದರು.

ಅವನು ಒಳಗಿದ್ದ. ಹೆಂಡತಿ ಡಬ್ಬಿ ತಂದು ಆಗಷ್ಟೇ ಇಟ್ಟಿದ್ದಳು. ಇಷ್ಟು ಹೆಂಗಸರು ಒಟ್ಟಿಗೆ ಬಾಗಿಲಿಗೆ ಬಂದದ್ದು ನೋಡಿ ಅವನು ಗಾಬರಿಯಾದ. ಚಾಳೀಸು ಸರಿಯಿಲ್ಲ ಎಂದು ಜಗಳಕ್ಕೆ ಬಂದಿರಬೇಕು ಎಂದುಕೊಂಡ. ಫಕ್ಕೀರವ್ವ ಸೆರಗಿನೊಳಗಿಂದ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟಳು. ಪುಟಗಳ ಅಂಚು ಮೆಣಸಿನಕಾಯಿಯಿಂದ ಕೆಂಪಾಗಿತ್ತು.

"ಅಣ್ಣಾರ, ಇದನ್ನ ಬರದವ್ರು ನೀವೇನ್ರಿ?"

ಅವನು ಪುಸ್ತಕ ನೋಡಿದ. ತಾನು ಅದನ್ನು ಅವಳಿಗೆ ಮಾರಿರಲಿಲ್ಲ, ಕೊಟ್ಟಿರಲೂ ಇಲ್ಲ. "ಇದು ನಿನಗೆಲ್ಲಿ ಸಿಕ್ಕಿತು?" ಎಂದ.

"ಅಕ್ಕಾರು ಕೊಟ್ರು."

ಅವನು ಹೆಂಡತಿಯ ಕಡೆ ತಿರುಗಿದ. ಅವಳು ನೆಲ ನೋಡುತ್ತ ನಿಂತಿದ್ದಳು. ಅವನು ಮೂಲೆಗೆ ಹೋಗಿ ಗೋಣಿಚೀಲ ಎತ್ತಿದ. ಕೆಳಗೆ ಕೆಲವೇ ಪುಸ್ತಕಗಳು ಉಳಿದಿದ್ದವು. ಛತ್ರದ ಕುರ್ಚಿಗಳೆಲ್ಲ ಅವನ ಕಣ್ಣ ಮುಂದೆ ಬಂದವು. ಮುಖ ಬಿಸಿಯಾಯಿತು. ಬಂದವರ ಮೇಲೆ ಹರಿಹಾಯ್ದ.

"ಒಂದು ಪುಕ್ಕಟೆ ಸಿಕ್ಕಿತು ಅಂತ ಇನ್ನೊಂದು ಕೇಳಾಕ ಬಂದೀರೇನು? ಇಲ್ಲಿ ದಾನದ ಛತ್ರ ಇಟ್ಟಿಲ್ಲ!"

ಫಕ್ಕೀರವ್ವ ಹೆದರಲಿಲ್ಲ. "ನಾವು ಪುಕ್ಕಟೆ ಕೇಳಾಕ ಬಂದಿಲ್ರಿ," ಎಂದಳು. "ಮುಂದೇನಾತು ಅಂತ ಕೇಳಾಕ ಬಂದೀವಿ."

ಅವನು ಕೈಯಲ್ಲಿದ್ದ ಗೋಣಿಚೀಲವನ್ನು ಕೆಳಗಿಟ್ಟ.

ಆಗ ಆ ಮುದುಕಿ ಬುಟ್ಟಿಯ ಸಂಗತಿ ಹೇಳಿದಳು. ಹೆಮ್ಮೆಯಿಂದ ಹೇಳಿದ್ದಲ್ಲ. ಇವನು ಎಲ್ಲಿ ತಮ್ಮನ್ನು ತಪ್ಪು ತಿಳಿದಾನೋ ಎಂದು ಹೇಳಿದಳು. ದಿನಾ ಒಂದು ಬೊಗಸೆ, ಒಬ್ಬಳೂ ತಪ್ಪಿಸಿಲ್ಲ, ಮೈಯಲ್ಲಿ ಹುಷಾರಿಲ್ಲದವಳೂ ತಪ್ಪಿಸಿಲ್ಲ ಎಂದಳು.

ಅವನು ಹಾಗೇ ಸ್ಟೂಲಿನ ಮೇಲೆ ಕುಳಿತ. ಪುಸ್ತಕವನ್ನು ಕೈಗೆ ತೆಗೆದುಕೊಂಡ. ತಾನು ಅಚ್ಚು ಹಾಕಿಸಿದಾಗ ಅದು ಅಷ್ಟು ದಪ್ಪವಿರಲಿಲ್ಲ. ಬೆರಳುಗಳು ತಿರುಗಿಸಿ ತಿರುಗಿಸಿ ಉಬ್ಬಿತ್ತು.

"ನಾನು ಮುಂದ ಬರದಿಲ್ಲ," ಎಂದ ಮೆಲ್ಲಗೆ.

ಮುದುಕಿಗೆ ಅದು ಅರ್ಥವಾಗಲಿಲ್ಲ. ಮೊದಲು ಫಕ್ಕೀರವ್ವನ ಮುಖ ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

"ಹಂಗಾರ ಆ ಹೆಣಮಗಳನ್ನ, ಆ ಕೂಸನ್ನ, ನಡುನೀರಾಗ ಬಿಟ್ಟು ನೀ ಇಲ್ಲಿ ಬಂದು ಕುಂತೀಯೇನೋ ಯಪ್ಪಾ?"

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಅವನ ಕಣ್ಣು ತುಂಬಿತು. ಬಂದವರೆಲ್ಲ ಮೆಣಸಿನಕಾಯಿಯ ಕೆಲಸದವರು, ಘಾಟಿಗೆ ಹಾಗಾಗಿರಬೇಕು ಎಂದುಕೊಂಡರು. ಒಬ್ಬಳು ನೀರಿನ ತಂಬಿಗೆ ತಂದುಕೊಟ್ಟಳು.

ಅವರು ಹೋದ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದರು. ಡಬ್ಬಿಯ ಅನ್ನ ಆರಿತ್ತು. ಅವನು ಕೇಳಿದ.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ದರ ಕೊಡಾಕ ಬಿಡತಿದ್ರೇನು?"

"ಸಿಕ್ಕವರಿಗೆಲ್ಲ ಕೊಟ್ಟಿಯೇನು?"

"ಇಲ್ಲ. ಹಾಳಿ ತಿರುವಿದವ್ರಿಗೆ ಕೊಟ್ಟೆ."

ಅವನು ಅದನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡ. ತಾನು ಮದುವೆಯಲ್ಲಿ ಒಬ್ಬರಿಗೂ ಹಾಳೆ ತಿರುಗಿಸುವಷ್ಟು ಹೊತ್ತು ಕೊಟ್ಟಿರಲಿಲ್ಲ. ಬಾಗಿಲಲ್ಲಿ ಚೀಲ ತುರುಕಿ ಒಳಗೆ ಕಳಿಸಿದ್ದ. ಮಾಸ್ತರರು ಹಾಳೆ ತಿರುಗಿಸಲೆಂದೇ ಕೈ ಚಾಚಿದ್ದರು. ಅವರಿಗೆ ಬೆಲೆ ಹೇಳಿದ್ದ.

"ಯಾಕ ಕೊಟ್ಟಿ?" ಎಂದ ಮತ್ತೆ. ಈ ಸಲ ದನಿಯಲ್ಲಿ ಸಿಟ್ಟು ಇರಲಿಲ್ಲ.

ಹೆಂಡತಿ ಡಬ್ಬಿಯನ್ನು ಅವನ ಕಡೆ ಸರಿಸಿದಳು. "ನಾ ಒಬ್ಬಾಕಿ ಕೇಳಿದರ ನೀವು ಬರೀಲಿಲ್ಲ. ಅದಕ್ಕ ನನ್ನ ಜೋಡಿ ಕೇಳವ್ರನ್ನ ಹುಡುಕಿದೆ," ಎಂದಳು.

ಮರುದಿನ ಅವನು ಮಾಸ್ತರರ ಮನೆಗೆ ಹೋದ. ಪುಸ್ತಕ ಕೊಟ್ಟು, ಅಂದು ಒರಟಾಗಿ ಮಾತಾಡಿದೆ ಎಂದ. ಅಲ್ಲಿಂದ ಮೆಣಸಿನಕಾಯಿ ಅಂಗಳಕ್ಕೆ ಹೋದ. ಹೆಂಗಸರು ಅವನಿಗೆ ಒಂದು ಖಾಲಿ ಚೀಲ ಹಾಸಿಕೊಟ್ಟರು. ಮುಂದಿನ ಕತೆ ಇಲ್ಲದ್ದರಿಂದ ಅವರು ಮತ್ತೆ ಮೊದಲಿನಿಂದ ಓದಿಸಿಕೊಳ್ಳುತ್ತಿದ್ದರು. ಅವನು ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಕೇಳಿದ. ತನ್ನ ಮಾತು ಇನ್ನೊಬ್ಬರ ಬಾಯಲ್ಲಿ ಬರುವುದನ್ನು ಅವನು ಎಂದೂ ಕೇಳಿರಲಿಲ್ಲ. ಒಂದು ಕಡೆ ಎಲ್ಲರ ಕೈಯೂ ನಿಂತಿತು. ಇನ್ನೊಂದು ಕಡೆ, ಅವನು ಬಹಳ ಕಷ್ಟಪಟ್ಟು ಬರೆದ ಜಾಗದಲ್ಲಿ, ಯಾರೋ ಆಕಳಿಸಿದರು. ಅವನು ಎರಡನ್ನೂ ನೆನಪಿಟ್ಟುಕೊಂಡ.

ಓದು ಮುಗಿದ ಮೇಲೆ ಹೆಂಗಸರು ಅವನನ್ನು ಸುತ್ತಿಕೊಂಡರು. ಮೈದುನನನ್ನು ಹೊಳೆಗೆ ಹಾಕು ಎಂದಳು ಒಬ್ಬಳು. ಬೇಡ, ಅವನಿಗೂ ಹೆಂಡಿರು ಮಕ್ಕಳಿದ್ದಾರೆ ಎಂದಳು ಇನ್ನೊಬ್ಬಳು. ಮುದುಕಿ ಕೂಸಿಗೆ ಏನೂ ಆಗಬಾರದು ಎಂದಷ್ಟೇ ಹೇಳಿದಳು.

ಅವನು ಮತ್ತೆ ಬರೆಯಲು ಕುಳಿತ. ಹೆಂಡತಿ ಮತ್ತೆ ಮುಂದಿನ ಹಾಳೆ ಕೇಳಿದಳು. ಮೆಣಸಿನಕಾಯಿಯ ಕಾಲ ಮುಗಿಯುವ ಮೊದಲು ಎರಡನೆಯ ಭಾಗ ಮುಗಿಯಿತು. ಅದನ್ನು ಮೊದಲು ಅಂಗಳದಲ್ಲಿ ಫಕ್ಕೀರವ್ವನೇ ಓದಿದಳು. ಹರಿಗೋಲು ದಡ ಮುಟ್ಟಿದ ದಿನ ಹೆಂಗಸರು ಬೆಲ್ಲ ಹಂಚಿಕೊಂಡರು. ಮುದುಕಿ ಅವನ ತಲೆ ಸವರಿ, ದೃಷ್ಟಿಯಾಗದಿರಲೆಂದು ನೆಟಿಗೆ ಮುರಿದಳು.

ಮಳೆ ಶುರುವಾದಾಗ ಹೆಂಗಸರು ತಮ್ಮ ತಮ್ಮ ಹಳ್ಳಿಗಳಿಗೆ ಹೋದರು. ಉಳಿದಿದ್ದ ಪುಸ್ತಕಗಳನ್ನು ಅವನು ಅವರ ಕೈಗೆ ಕೊಟ್ಟ, ಕತೆಯೂ ಅವರ ಜತೆ ಹೋಯಿತು. ಅವರು ಮೊದಲ ಭಾಗವನ್ನು ಅಕ್ಕತಂಗಿಯರಿಗೆ, ಸೊಸೆಯಂದಿರಿಗೆ ಓದಲು ಕೊಟ್ಟರು. ಮುಂದಿನದು ಬೇಕು ಎಂದವರಿಗೆ ಚಾಳೀಸಿನ ಅಂಗಡಿಯ ಗುರುತು ಹೇಳಿದರು. ಎರಡನೆಯ ಭಾಗವನ್ನು ಅವನು ಅಚ್ಚು ಹಾಕಿಸಿ ಮಾರಿದ. ಕೊಳ್ಳುವುದಕ್ಕೆ ಜನ ತಾವಾಗಿ ಬಂದರು. ಒಬ್ಬರಿಗೆ ಆಗದಿದ್ದರೆ ಮೂರು ಮನೆಯವರು ಕೂಡಿ ಒಂದು ಕೊಂಡರು. ಮೊದಲ ಭಾಗವನ್ನು ಅವನು ಮತ್ತೆ ಅಚ್ಚು ಹಾಕಿಸಿ, ಹಾಳೆ ತಿರುಗಿಸಿದವರಿಗೆ ಪುಕ್ಕಟೆ ಕೊಟ್ಟ. ಕೊನೆಯ ಪುಟದಲ್ಲಿ ತನ್ನ ವಿಳಾಸ ಹಾಕಿ, "ಮುಂದೇನಾಯಿತು ಎಂದು ತಿಳಿಯಬೇಕಾದವರು ಒಂದು ಕಾರ್ಡು ಬರೆಯಿರಿ" ಎಂದು ಸೇರಿಸಿದ್ದ. ಕಾರ್ಡುಗಳು ಬಂದವು. ಕೆಲವರು ಮೆಚ್ಚಿ ಬರೆದರು. ಕೆಲವರು, ಹೀಗೆ ನಡುವೆ ನಿಲ್ಲಿಸಲು ನಿನಗೆ ಮನಸ್ಸಾದರೂ ಹೇಗೆ ಬಂತು ಎಂದು ಬೈದು ಬರೆದರು. ಎಲ್ಲರಿಗೂ ಅವನು ತಾನೇ ಉತ್ತರ ಬರೆದ.

ಅವನು ದೊಡ್ಡ ಹೆಸರು ಮಾಡಲಿಲ್ಲ. ಚಾಳೀಸಿನ ಅಂಗಡಿ ಮುಚ್ಚಲೂ ಇಲ್ಲ. ಪುಕ್ಕಟೆ ಕೊಟ್ಟ ಪುಸ್ತಕಗಳಲ್ಲಿ ಎಷ್ಟೋ ಹಾಳೂ ಆದವು. ಒಮ್ಮೆ ಬಸ್ ನಿಲ್ದಾಣದಲ್ಲಿ ಮಿರ್ಚಿ ಭಜಿ ಕೊಂಡರೆ, ಅದನ್ನು ಕಟ್ಟಿದ್ದು ಅವನದೇ ಪುಸ್ತಕದ ಹಾಳೆ. ಅವನು ಭಜಿ ತಿಂದು, ಎಣ್ಣೆಯಲ್ಲಿ ನೆನೆದ ಆ ಪುಟ ಓದಿದ. ಅಲ್ಲೊಂದು ವಾಕ್ಯ ಉದ್ದವಾಯಿತು ಅನ್ನಿಸಿತು. ಮನೆಗೆ ಬಂದು ಹೆಂಡತಿಗೆ ಹೇಳಿ ನಕ್ಕ. ಆಮೇಲೆ ಮೂರನೆಯ ಭಾಗದ ಹಾಳೆಗಳನ್ನು ಮುಂದಕ್ಕೆ ಎಳೆದುಕೊಂಡ.

ಗುರುಗಳು ಕತೆ ನಿಲ್ಲಿಸಿದರು.

ಅಮರೇಶನ ಮುಖ ಅರಳಿತ್ತು. ಅವನು ಎದ್ದೇಬಿಟ್ಟ.

"ತಿಳಿಯಿತು, ಗುರುಗಳೇ. ಹಂಚುವುದೂ ತಪ್ಪಲ್ಲ, ಮಾರುವುದೂ ತಪ್ಪಲ್ಲ. ಯಾರಿಗೆ ಎಂಬುದನ್ನು ನೋಡಬೇಕು. ನಾಳೆಯೇ ಶುರು ಮಾಡುತ್ತೇನೆ. ಹಾಳೆ ತಿರುಗಿಸುವವರನ್ನು ಹುಡುಕಿ ಹುಡುಕಿ ಕೊಡುತ್ತೇನೆ. ನನ್ನ ಮನೆಗೂ ಒಂದು ದಿನ ಓದುಗರು ಬರುತ್ತಾರೆ."

ಗುರುಗಳು ಅವನ ಕೈ ಹಿಡಿದು ಪ್ರೀತಿಯಿಂದ ಕೇಳಿದರು:

"ಬರುತ್ತಾರೆ ಮಗು, ಖಂಡಿತ ಬರುತ್ತಾರೆ. ಆದರೆ ಅವರು ಬಂದು ಬಾಗಿಲು ತಟ್ಟುವ ಹೊತ್ತಿಗೆ ನೀನು ಏನು ಬರೆಯುತ್ತಿರುತ್ತೀಯ?"